ಲೈಬ್ರರಿ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಮೆಹಕರ
೨೮ ಅಕ್ಟೋಬರ್ ೨೦೧೫

ಮುದ್ದಿನ ಮಗಳು ವೈಶಾಲಿಗೆ ನಿನ್ನವ್ವನ ಜೈ ಭೀಮ್.

ಇಲ್ಲಿ ನಾವು ಇದ್ದಂತೆ ಇದ್ದೇವೆ. ಬಾವಿಯ ತಳ ಕಂಡಿದೆ, ತೊಗರಿ ಹೂ ಬಿಡುವ ಮೊದಲೇ ಒಣಗಿತು. ಅರ್ಧ ಊರು ಗಂಟುಮೂಟೆ ಕಟ್ಟಿಕೊಂಡು ಹೋಗಿಯಾಗಿದೆ. ಇದನ್ನೇ ಬರೆದು ಬರೆದು ನನಗೂ ಬೇಸರ ಬಂದಿದೆ.

ಮೊನ್ನೆ ಸೋಮವಾರ ನಾನು ಬೀದರಕ್ಕೆ ಬಂದಿದ್ದೆ. ನಿನ್ನಪ್ಪನ ಸೊಂಟದ ಔಷಧಿಗೆ ಅಂತ ಮನೆಯಲ್ಲಿ ಹೇಳಿದ್ದೆ. ಆ ಔಷಧಿ ಭಾಲ್ಕಿಯಲ್ಲೇ ಸಿಗುತ್ತದೆ, ನಿನಗೂ ಗೊತ್ತು. ನಿಜ ಹೇಳಿಬಿಡುತ್ತೇನೆ, ನಿನ್ನನ್ನು ಕರೆದೊಯ್ಯಲು ಬಂದಿದ್ದೆ. ಕಬ್ಬು ಕಡಿಯಲು ಜೋಡಿಯೇ ಬೇಕು, ಒಂಟಿ ಹೆಂಗಸನ್ನು ಲಾರಿ ಹತ್ತಿಸುವುದಿಲ್ಲ ಎಂದು ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಕಾಶೀರಾಮ ಖಡಾಖಂಡಿತ ಹೇಳಿದ್ದ. ನಿನ್ನಪ್ಪ ಬಗ್ಗಿದರೆ ಏಳಲಾರರು. ಒಂದು ವರ್ಷ ಓದು ನಿಲ್ಲಿಸು ಮಗಳೇ ಎನ್ನುವ ಮಾತನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದೆ.

ನೀನು ಲೈಬ್ರರಿಯಲ್ಲಿದ್ದೀ ಎಂದು ಹಾಸ್ಟೆಲ್ಲಿನವರು ಹೇಳಿದರು. ಅಲ್ಲಿ ಬಾಗಿಲು ಕಾಯುವ ಖಾಸಿಂ ಅಲಿ ಯಾರು ಬೇಕು ಎಂದು ಕೇಳಿದಾಗ ನಿನ್ನ ಹೆಸರು ಬಾಯಿಗೆ ಬರಲಿಲ್ಲ. ಪುಸ್ತಕ ನೋಡಬೇಕ್ರಿ ಅಂದುಬಿಟ್ಟೆ. "ಬರ್ರಿ ಅಮ್ಮಾ, ಹೊರಗಿನವರೂ ಕೂತು ಓದಬಹುದು. ಒಯ್ಯಾಕ ಮಾತ್ರ ಕೊಡಂಗಿಲ್ಲ ನೋಡ್ರಿ" ಅಂದ. ಒಯ್ಯಲೆಂದೇ ಬಂದವಳು ನಾನು, ಸುಮ್ಮನೆ ತಲೆಯಾಡಿಸಿದೆ.

ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ಅಷ್ಟೊಂದು ಪುಸ್ತಕವಿರುವ ಕಡೆ ಚಪ್ಪಲಿ ಮೆಟ್ಟಿ ಹೋಗಲು ನನಗೆ ಮನಸ್ಸು ಬರಲಿಲ್ಲ. ಬಿಸಿಲಲ್ಲೇ ಒಂದು ಅತ್ತ, ಒಂದು ಇತ್ತ ಬಿಟ್ಟು ನಡೆದೆ. ಯಾರೋ ಹುಡುಗಿಯರು ನಕ್ಕರು. ನಗಲಿ ಬಿಡು.

ನೀನು ಕಿಟಕಿಯ ಹತ್ತಿರ ಕೂತಿದ್ದೆ. ಎಮ್ಮೆಯ ಎಲುಬಿನ ಚಿತ್ರದ ಮೇಲೆ ಬೆರಳಿಟ್ಟು ತುಟಿ ಅಲ್ಲಾಡಿಸುತ್ತಿದ್ದೆ. ನಮ್ಮ ಎಮ್ಮೆ ಮಾರುವಾಗ ಅದರ ಕೊರಳು ತಬ್ಬಿ ಅತ್ತವಳು ನೀನು, ದನದ ಡಾಕ್ಟರ್ ಆಗದೆ ಇನ್ನೇನಾಗುತ್ತೀ! ನಿನ್ನ ಬೆನ್ನ ಹಿಂದಿನ ಮೇಜಿನಲ್ಲಿ ಕೂತು ಪೇಪರು ಹರಡಿಕೊಂಡೆ. ಈಗ ಕರೆಯುತ್ತೇನೆ, ಈಗ ಕರೆಯುತ್ತೇನೆ ಎನ್ನುತ್ತಲೇ ಕಣ್ಣು ಹತ್ತಿಬಿಟ್ಟಿತು. ಎಷ್ಟು ದಿನದ ದಣಿವೋ. ಎಚ್ಚರವಾದಾಗಲೂ ನೀನು ಅದೇ ಎಲುಬುಗಳ ಮೇಲೆ ಬಗ್ಗಿದ್ದೆ. ಪೇಪರು ಮಡಿಚಿಟ್ಟು ಎದ್ದು ಬಂದೆ.

ನೀನು ಓದು. ಜೋಡಿ ಸಿಕ್ಕಿದೆ, ಚಿಂತೆ ಮಾಡಬೇಡ. ನಿನ್ನಪ್ಪನೇ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಬರುತ್ತೇನೆ ಎಂದಿದ್ದಾರೆ. ನಾಳೆ ಲಾರಿ ಬರುತ್ತದೆ.

ನಿನ್ನವ್ವ,
ಶಾಲುಬಾಯಿ

ತಾ.ಕ.: ಹೊರಗೆ ಬಂದಾಗ ನನ್ನ ಚಪ್ಪಲಿ ಬಿಟ್ಟ ಜಾಗದಲ್ಲಿರಲಿಲ್ಲ. ಯಾರೋ ಗೋಡೆಯ ನೆರಳಿಗೆ ತಂದು, ಜೋಡಿಸಿ, ಹಾದಿಗೆ ಮುಖ ಮಾಡಿ ಇಟ್ಟಿದ್ದರು. ನಾನು ಹೊಲಕ್ಕೆ ಹೊರಡುವಾಗ ಚಿಕ್ಕಂದಿನಿಂದ ನೀನು ಇಡುತ್ತಿದ್ದದ್ದು ಹಾಗೆಯೇ. ನನಗೆ ನಿದ್ದೆ ಹತ್ತಿದಾಗ ನೀನೇ ಎದ್ದು ಹೋಗಿದ್ದೆ ಅಲ್ಲವೇ? ಕಬ್ಬಿನ ಲಾರಿ ಬರುವ ಹೊತ್ತಿಗೆ ಅವ್ವ ಯಾಕೆ ಬಂದಳೆಂದು ನಿನಗೆ ತಿಳಿಯದೆ ಇರುತ್ತದೆಯೇ. ಆದರೂ ನನ್ನನ್ನು ಎಬ್ಬಿಸದೆ ಹೋಗಿ ಕೂತೆ. ಒಳ್ಳೆಯದೇ ಮಾಡಿದೆ, ಮಗಳೇ. ನನಗೆ ಸಿಟ್ಟಿಲ್ಲ. ನೀನು ಜೋಡಿಸಿಟ್ಟ ಚಪ್ಪಲಿ ಮೆಟ್ಟಿಕೊಂಡೇ ನಾಳೆ ಲಾರಿ ಹತ್ತುತ್ತೇನೆ.