ಮೈನಸ್ ಒಂಬೈನೂರು

ವೆಸ್ಟ್ ವಿಂಡ್ಸರ್, ನ್ಯೂಜೆರ್ಸಿ
ಡಿಸೆಂಬರ್ 11, ಗುರುವಾರ

ಪ್ರೀತಿಯ ವಿಜಿ,

ಹೇಗಿದ್ದೀಯೆ? ನೀನು ದೀಪಾವಳಿಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೈದರೂ ಪರವಾಗಿಲ್ಲ, ಮೈಸೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ನಿನ್ನ ಸಿಟ್ಟು ಆರಿರುತ್ತದೆ. ನಿನಗೆ ಫೋನಿನಲ್ಲಿ ಸರಿಯಾಗಿ ಕೇಳಿಸುತ್ತಿಲ್ಲವೆಂದು ನಿನ್ನ ಸೊಸೆ ಹೇಳಿದಳು. ಕಿವಿಗೆ ಹಾಕುವ ಮೆಷೀನು ತಂದುಕೊಟ್ಟರೆ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೀಯಂತೆ! ಇರಲಿ, ಕೂಗಿ ಹೇಳುವಂಥ ಸಮಾಚಾರವೂ ಅಲ್ಲ ಇದು.

ಮೊದಲು ನಗುವ ವಿಷಯ. ನಿನ್ನ ಗೆಳತಿ ಈ ವಯಸ್ಸಿನಲ್ಲಿ ಬೆಟ್ಟಿಂಗ್ ಕಲಿತಿದ್ದಾಳೆ. ಹಾಸ್ಟೆಲಿನಲ್ಲಿ ಇಸ್ಪೀಟು ಮುಟ್ಟಿದರೆ ಕೈ ತೊಳೆಯುತ್ತಿದ್ದವಳು ನಾನು!

ಇಲ್ಲಿಯ ಫುಟ್ಬಾಲು ನಮ್ಮ ಫುಟ್ಬಾಲಲ್ಲ, ವಿಜಿ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಮಿಕ್ಕವರು ಅವನ ಮೇಲೆ ಬಿದ್ದು ಗುಡ್ಡೆಯಾಗುತ್ತಾರೆ. ನಮ್ಮನೆಯವರು ರಿಟೈರಾದ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಬೇಸ್ಮೆಂಟಿನಲ್ಲಿ ಅದೇ ಆಟ. ಇವರ ಸ್ನೇಹಿತ ಶ್ರೀನಿ, ಅವನ ಹೆಂಡತಿ ಚಿತ್ರಾ, ಇನ್ನೂ ಒಂದಿಬ್ಬರು ಬರುತ್ತಾರೆ. ಊರ ತುಂಬ ಫೋನಿನಲ್ಲೇ ದುಡ್ಡು ಕಟ್ಟಿ ಆಡುತ್ತಾರೆ, ಇಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯೇ ಇದೆ. ನಮ್ಮಲ್ಲಿ ಮಾತ್ರ ದುಡ್ಡಿಲ್ಲ, ನಾನು ಕರಿದ ಕೋಡುಬಳೆಯೇ ಪಣ. ಇವರೇ ಬುಕ್ಕಿ. ಜೀವಮಾನವಿಡೀ ಇನ್ಶೂರೆನ್ಸ್ ಕಂಪನಿಯಲ್ಲಿ ಕೂತು ಯಾರು ಎಷ್ಟು ವರ್ಷ ಬದುಕುತ್ತಾರೆಂದು ಲೆಕ್ಕ ಹಾಕಿದವರಲ್ಲವೇ, ಆಡ್ಸ್, ಅಂದರೆ ಗೆಲ್ಲುವ ಸಂಭವದ ದರ, ಹೇಳುವುದರಲ್ಲಿ ಎತ್ತಿದ ಕೈ.

ನನಗೆ ಇದನ್ನೆಲ್ಲ ಕಲಿಸಿದವಳು ಮಗಳು ಕ್ಷಮಾ. ನವರಾತ್ರಿಯಲ್ಲಿ ಅವಳು ಪಾರ್ಸಿಪನಿಯಲ್ಲಿರುವ ಗಂಡ ಅತುಲನ ಮನೆ ಬಿಟ್ಟು ಬಂದಳೆಂದು ನಿನಗೆ ಬರೆದಿದ್ದೆ. ಬೊಂಬೆ ಕೂರಿಸಿದ್ದ ಕೋಣೆಯಲ್ಲೇ ಕುಳಿತು ಅಂಗಿಯ ತೋಳು ಸರಿಸಿ ಊದಿದ ಮಣಿಕಟ್ಟು ತೋರಿಸಿದ್ದಳು. ಅವನು ಕೈ ಮಾಡಿದ್ದು ಅದು ಮೊದಲ ಸಲವೂ ಆಗಿರಲಿಲ್ಲ. ಇವರು ಅವಳ ತಲೆ ಸವರಿ, "ಇದು ನಿನ್ನ ಮನೆ ಮಗೂ. ಅಲ್ಲಿಗೆ ವಾಪಸ್ ಹೋಗೋ ಮಾತೇ ಇಲ್ಲ" ಅಂದರು. ಆ ಮಾತಿಗೆ ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದಿದ್ದೆ. ಅವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಬಾರದು ಎಂಬುದೊಂದೇ ಅಂದಿನಿಂದ ನನ್ನ ಪ್ರಾರ್ಥನೆ.

ಬಂದ ಹೊಸದರಲ್ಲಿ ಮಾತೇ ಆಡುತ್ತಿರಲಿಲ್ಲ. ಒಂದು ಭಾನುವಾರ ನಾನು ಟೀವಿಯಲ್ಲಿ ಒಂದು ತಂಡದ ಮುಂದೆ ಪ್ಲಸ್, ಇನ್ನೊಂದರ ಮುಂದೆ ಮೈನಸ್ ಇರುವುದನ್ನು ನೋಡಿ, ಮೈನಸ್‌ನವರು ಪಾಪ ದಡ್ಡರಿರಬೇಕೆಂದು ಪ್ಲಸ್ ತಂಡದ ಮೇಲೆ ಹತ್ತು ಕೋಡುಬಳೆ ಇಟ್ಟುಬಿಟ್ಟೆ. ಕ್ಷಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ತಿಂಗಳಾಗಿತ್ತೋ ಅವಳು ಹಾಗೆ ನಕ್ಕು! "ಅಯ್ಯೋ ಅಮ್ಮಾ, ಇಟ್ಸ್ ದಿ ಅಪೊಸಿಟ್!" ಅಂದಳು.

ಆಮೇಲೆ ಊಟದ ಮೇಜಿನ ಮೇಲೆ ಕೋಡುಬಳೆ ಜೋಡಿಸಿ ಪಾಠ ಮಾಡಿದಳು. ಮೈನಸ್ ಅಂದರೆ ಗೆಲ್ಲುವ ಕುದುರೆ. ಮೈನಸ್ ನೂರೈವತ್ತು ಎಂದಿದ್ದರೆ ಹತ್ತು ಕೋಡುಬಳೆ ಗೆಲ್ಲಲು ಹದಿನೈದು ಪಣಕ್ಕಿಡಬೇಕು. ಪ್ಲಸ್ ಮುನ್ನೂರು ಅಂದರೆ ಯಾರೂ ನಂಬದ ತಂಡ, ಹತ್ತಿಟ್ಟರೆ ಮೂವತ್ತು ಬರುತ್ತದೆ, ಬಂದರೆ. ಮೈನಸ್ ಸಂಖ್ಯೆಗೆ ನೂರು ಕೂಡಿಸಿ, ಬಂದದ್ದರಿಂದ ಆ ಸಂಖ್ಯೆಯನ್ನೇ ಭಾಗಿಸಿದರೆ ದರ ಹೇಳಿದವನು ಅದು ಆಗುತ್ತದೆಂದು ಒಳಗೊಳಗೇ ಎಷ್ಟು ನಂಬಿದ್ದಾನೆಂದು ಗೊತ್ತಾಗುತ್ತದಂತೆ. ನೂರೈವತ್ತನ್ನು ಇನ್ನೂರೈವತ್ತರಿಂದ ಭಾಗಿಸಿದರೆ ನೂರಕ್ಕೆ ಅರವತ್ತು. ಎರಡೂ ತಂಡಗಳದ್ದನ್ನು ಕೂಡಿದರೆ ನೂರು ದಾಟುತ್ತದೆ, ದಾಟಿದ್ದು ಬಾಜಿ ಅಂಗಡಿಯವನ ಪಾಲು. ಎಂಥ ಖದೀಮರು ನೋಡು.

ಇನ್ನೊಂದು ಕೇಳು. ಗೆದ್ದರೆ ಸಾಲದು, ಇಷ್ಟು ಅಂತರದಿಂದ ಗೆಲ್ಲಬೇಕು ಎಂದೂ ಬಾಜಿ ಇರುತ್ತದೆ. ಇಲ್ಲಿ ಜರ್ಸಿಯಲ್ಲಿ ಆಡಿಕೊಂಡು ನ್ಯೂಯಾರ್ಕಿನ ಹೆಸರಿಟ್ಟುಕೊಂಡ ತಂಡವೊಂದಿದೆ. ಅದು ಏಳು ಪಾಯಿಂಟಿಗಿಂತ ಹೆಚ್ಚಿನ ಅಂತರದಿಂದ ಗೆಲ್ಲುತ್ತದೆಂದು ಶ್ರೀನಿ ಬಾಜಿ ಕಟ್ಟಿದ್ದ, ಅದು ನಾಲ್ಕರಿಂದ ಗೆದ್ದಿತು. ನಾನು ಚಪ್ಪಾಳೆ ಹೊಡೆದರೆ ಶ್ರೀನಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ! ಗೆದ್ದದ್ದಕ್ಕೆ ಗೋಳಾಡುವ ಜನರನ್ನು ನಾನು ನೋಡಿದ್ದು ಇದೇ ಮೊದಲು.

ಇನ್ನು ನಗುವುದು ಮುಗಿಯಿತು ವಿಜಿ.

ಈ ಭಾನುವಾರ ಆಟದ ನಡುವಿನ ವಿರಾಮದಲ್ಲಿ ನಾನು ಕಾಫಿ ತೆಗೆದುಕೊಂಡು ಬೇಸ್ಮೆಂಟಿಗೆ ಇಳಿದೆ. ಚಿತ್ರಾ ನನ್ನ ಪಕ್ಕದಲ್ಲಿದ್ದಳು, ಕ್ಷಮಾ ತಟ್ಟೆ ಹಿಡಿದು ಎರಡು ಮೆಟ್ಟಿಲು ಹಿಂದಿದ್ದಳು. ಗಂಡಸರು ನಮಗೆ ಬೆನ್ನು ಹಾಕಿ ಕೂತಿದ್ದರು. ಶ್ರೀನಿ ಇವರ ತೊಡೆ ತಟ್ಟಿ, "ಸೂರಿ, ಊರೋರ್ದೆಲ್ಲಾ ಆಡ್ಸ್ ಹೇಳ್ತೀಯಲ್ಲ, ನಿಮ್ಮನೇದು ಹೇಳು ನೋಡೋಣ. ಕ್ಷಮಾ ಅತುಲ್ ಹತ್ರ ವಾಪಸ್ ಹೋಗ್ತಾಳಾ?" ಅಂದ. ಇವರು ಗದರುತ್ತಾರೆಂದು ನಾನು ಕಾದೆ. ಟೀವಿಯಿಂದ ಕಣ್ಣು ಕೂಡ ತೆಗೆಯದೆ, "ವಾಪಸ್ ಹೋಗೋದಾ? ಮೈನಸ್ ನೈನ್ ಹಂಡ್ರೆಡ್" ಅಂದರು. ಅಂಗಡಿಯಲ್ಲಿ ಬೇಳೆಯ ದರ ಕೇಳಿದರೆ ಹೇಳಿದಂತೆ.

ಎಲ್ಲರೂ ನಕ್ಕರು. ಚಿತ್ರಾ ನನ್ನ ಕೈ ಒತ್ತಿ, "ಮೈನಸ್ ಅಂದ್ರಲ್ಲ, ಇನ್ನೇನು ಅಲಮೇಲು! ಅವಳು ಹೋಗಲ್ಲ ಅಂತ ಅವರಿಗೂ ಗ್ಯಾರಂಟಿ ಇದೆ" ಎಂದು ಪಿಸುಗುಟ್ಟಿದಳು. ಪಾಪ, ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲದಿದ್ದರೆ ನಾನೂ ಸಮಾಧಾನ ಪಟ್ಟುಕೊಂಡಿರುತ್ತಿದ್ದೆ. ಒಂಬೈನೂರಕ್ಕೆ ನೂರು ಕೂಡಿಸಿದರೆ ಸಾವಿರ. ಅವಳು ವಾಪಸ್ ಹೋಗುವ ಸಂಭವ ನೂರಕ್ಕೆ ತೊಂಬತ್ತು! ಹೋಗೋ ಮಾತೇ ಇಲ್ಲ ಎಂದು ಮಗಳ ತಲೆ ಸವರಿದ ಮನುಷ್ಯನದೇ ಬಾಯಿ ಅದು ವಿಜಿ. ತಿರುಗಿ ನೋಡಿದೆ. ಕ್ಷಮಾ ಈ ದೇಶದಲ್ಲಿ ಹುಟ್ಟಿ ಬೆಳೆದವಳು, ಅವಳಿಗೆ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. ಅವಳು ನೋಡುತ್ತಿದ್ದದ್ದು ಅಪ್ಪನನ್ನಲ್ಲ, ನನ್ನನ್ನು. ಮನೆಗೆ ಬಂದವರ ಮುಂದೆ ಗಂಡನನ್ನು ಹೇಗೆ ಕೇಳಲಿ ಎಂದು ನಾನು ಕಾಫಿ ಲೋಟ ಹಂಚಿದೆ. ಅವಳು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಮೇಲೆ ಹೋದಳು.

ಮರುದಿನ ತಿಂಡಿಯ ಹೊತ್ತಿಗೆ ಇವರನ್ನು ಹಿಡಿದುಕೊಂಡೆ. "ಅವಳಿಗೊಂದು ಹೇಳಿ ಸ್ನೇಹಿತರಿಗೊಂದು ಹೇಳ್ತೀರಲ್ಲ, ನಾಚಿಕೆ ಆಗಲ್ವಾ?" ಅಂದೆ. ಇವರಿಗೆ ನನ್ನ ಸಿಟ್ಟು ಕಂಡೇ ಆಶ್ಚರ್ಯ! "ಅದು ನನ್ನ ಆಸೆ ಅಲ್ಲ ಕಣೆ, ಎಸ್ಟಿಮೇಟು. ನಮ್ಮ ಜನದಲ್ಲಿ ಹೀಗೆ ಬಂದ ಹುಡುಗೀರು ಹತ್ತರಲ್ಲಿ ಒಂಬತ್ತು ವಾಪಸ್ ಹೋಗ್ತಾರೆ. ಇದ್ದದ್ದು ಹೇಳಿದೆ" ಅಂದರು. ಅವರೇನೂ ಕೆಟ್ಟವರಲ್ಲ, ನಿನಗೂ ಗೊತ್ತು. ಮಗಳೆಂದರೆ ಪ್ರಾಣ. ಹಾಗಿದ್ದೂ ಆ ಪ್ರಾಣಕ್ಕೆ ದರ ಕಟ್ಟಿ ಸ್ನೇಹಿತರ ಮುಂದೆ ಇಟ್ಟರು, ಇಟ್ಟಿದ್ದೇನೆಂದು ಅವರಿಗೆ ತಿಳಿಯಲೂ ಇಲ್ಲ. ನಲವತ್ತು ವರ್ಷ ಒಟ್ಟಿಗೆ ಬಾಳಿದವರು ಯಾರೆಂದು ಆ ಬೆಳಿಗ್ಗೆ ನನಗೆ ಗುರುತೇ ಸಿಗಲಿಲ್ಲ.

ಚಳಿ ಜೋರಾಗಿದೆ. ನಿನ್ನ ಮೊಮ್ಮಗ ಕುಶ್‌ಗೆ ಪರೀಕ್ಷೆ ಚೆನ್ನಾಗಿ ಆಗಲಿ, ದೇವರು ಆಯುಸ್ಸು ಆರೋಗ್ಯ ಕೊಡಲಿ. ನಿನ್ನ ಸೊಸೆಗೆ ನನ್ನ ಆಶೀರ್ವಾದ ಹೇಳು. ಅವಳು ತನ್ನ ತವರಿಗೆ ಹೋದರೆ ಬೇಗ ಬಾ ಎಂದು ಅವಸರಿಸಬೇಡ.

ನಿನ್ನವಳೇ ಆದ
ಅಲಮೇಲು

ತಾ.ಕ.: ಇಷ್ಟುದ್ದ ಬರೆದರೂ ಇದೊಂದು ಬರೆಯಲು ಕೈ ಬರಲಿಲ್ಲ. ಕ್ಷಮಾ ಈಗ ಇಲ್ಲಿಲ್ಲ. ಮೊನ್ನೆ ಮಂಗಳವಾರ ಅವಳೇ ಫೋನ್ ಮಾಡಿ ಅತುಲನನ್ನು ಕರೆಸಿಕೊಂಡು ಹೊರಟುಬಿಟ್ಟಳು. ಅವನು ನಮ್ಮಿಬ್ಬರ ಕಾಲಿಗೆ ಬಿದ್ದ, ಇವರು ಹರಸಿದರು. ನಾನು ಬಾಗಿಲಿಗೆ ಅಡ್ಡ ನಿಂತು ಅವಳ ಮಣಿಕಟ್ಟು ಹಿಡಿದುಕೊಂಡೆ, ಹೋಗಬೇಡವೆಂದು ಅತ್ತೆ. ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಮೆಲ್ಲಗೆ ಕೈ ಬಿಡಿಸಿಕೊಂಡು ಕನ್ನಡದಲ್ಲಿ ಹೇಳಿದಳು: "ಅಲ್ಲಿ ಒಬ್ಬ ಹೊಡೀತಾನೆ ಅಮ್ಮ. ಇಲ್ಲಿ ನಾನು ಯಾವತ್ತು ಹೋಗ್ತೀನೋ ಅಂತ ನೀವಿಬ್ರೂ ಕಾಯ್ತಾ ಇದ್ರಿ."