ಯಾರಿಗೂ ಹಲ್ಲುನೋವಿಲ್ಲದ ದೇಶ

ಪ್ರೀತಿಯ ಮೇಷ್ಟ್ರೇ,

ನೀವು ತೀರಿಕೊಂಡ ಮೇಲೆ ನನಗೆ ಪತ್ರ ಬರೆಯುವ ಬುದ್ಧಿ ಬಂತು ನೋಡಿ! ಮೈಸೂರಿನ ಕಾಲೇಜಿನಲ್ಲಿ ನೀವು ರೊಮ್ಯಾಂಟಿಕ್ ಕವಿಗಳ ಪಾಠ ಶುರುಮಾಡಿದ ದಿನ ಕಣ್ಣಿಗೆ ಕಟ್ಟಿದಂತಿದೆ. ಗ್ರೀಸ್ ಕುರಿತ ಪದ್ಯವನ್ನು ಕಣ್ಣು ಮುಚ್ಚಿಕೊಂಡು ಹೇಳಿದಿರಿ. ನೀಲಿ ಕಡಲು, ಬಿಳಿ ಕಂಬಗಳು, ದೇವತೆಗಳಂಥ ಜನ. ನಮಗೆಲ್ಲ ಮೈ ಜುಮ್ಮೆಂದಿತು. ಆಮೇಲೆ ಕೇಳಿದಿರಿ: "ಸರಿ, ಈ ದೇಶದಲ್ಲಿ ಹಲ್ಲುನೋವು ಯಾರಿಗಿದೆ, ಹೇಳ್ರಮ್ಮ?" ಕ್ಲಾಸಿಗೆ ಕ್ಲಾಸೇ ನಕ್ಕಿತು. ನೀವು ನಗಲಿಲ್ಲ. "ಯಾರಿಗೂ ಇಲ್ಲ ಅಲ್ವಾ? ಹಂಗಾದ್ರೆ ಇದು ಕವಿ ನೋಡಿದ ದೇಶ ಅಲ್ಲ, ಅವನಿಗೆ ಬೇಕಾಗಿದ್ದ ದೇಶ." ಜರ್ಮನ್ ಕವಿಗಳ ಭಾರತಕ್ಕೂ ಅದೇ ಪ್ರಶ್ನೆ ಹಾಕಿದಿರಿ. ಅಲ್ಲಿನ ಹೂವಿನಂಥ ಮುಗ್ಧರಲ್ಲಿ ನಮ್ಮ ಬೀದಿಯವರು ಒಬ್ಬರಾದರೂ ಇದ್ದರೇ?

ಒಮ್ಮೆ ನಾನು ಜಂಬದಿಂದ, "ಎಲ್ಲಾ ಸುಳ್ಳು ಅಂದ್ಮೇಲೆ ಯಾಕೆ ಓದ್ಬೇಕು ಸರ್?" ಎಂದಿದ್ದೆ. ಆಗ ನೀವು ಗ್ರೀಕರ ಸ್ವಾತಂತ್ರ್ಯ ಯುದ್ಧದ ಕಥೆ ಹೇಳಿದಿರಿ. ಪದ್ಯ ಓದಿ ಹಡಗು ಹತ್ತಿದ ಯುರೋಪಿನ ತರುಣರಿಗೆ ಅಲ್ಲಿ ಸಿಕ್ಕಿದ್ದು ಪುರಾಣದ ವೀರರಲ್ಲ; ಹಸಿದವರು, ಜಗಳಗಂಟರು, ಜ್ವರ ಹಿಡಿದು ಮಲಗಿದವರು. ಎಷ್ಟೋ ಮಂದಿ ಬೈದುಕೊಂಡು ವಾಪಸಾದರು. "ಕೆಲವರು ಉಳ್ಕೊಂಡ್ರು ಕಣಮ್ಮ. ಕನಸು ಒಡೆದ್ಮೇಲೂ ಉಳಿದ್ರಲ್ಲ, ಅದಕ್ಕೆ ಪ್ರೀತಿ ಅಂತಾರೆ" ಎಂದು ಪುಸ್ತಕ ಮುಚ್ಚಿದಿರಿ. ಊರು ಬಿಟ್ಟು ಎಲ್ಲಿಗೂ ಹೋಗದ ನಿಮಗೆ ಇದೆಲ್ಲ ಹೇಗೆ ಗೊತ್ತಿತ್ತು? ನಿಮ್ಮಂಥ ಮೇಷ್ಟ್ರು ನನಗೆ ಮತ್ತೆ ಸಿಗಲಿಲ್ಲ.

ಇಲ್ಲಿ ಕಡಲಾಚೆ, ಎಜುಕೇಶನ್ ಹಿಲ್ ಎಂಬ ಬಡಾವಣೆಯ ಮನೆಯಲ್ಲಿ ಮಗಳು ಸನಾಗೆ ರಾತ್ರಿ ಮೈಸೂರಿನ ಕಥೆ ಹೇಳಿಯೇ ಮಲಗಿಸುತ್ತಿದ್ದೆ. ಮಲ್ಲಿಗೆ, ದೀಪ ಹತ್ತಿದ ಅರಮನೆ, ಈದ್ ದಿನ ಬೀದಿಯ ಮನೆಮನೆಗೂ ಹೋಗುವ ಶೀರ್ ಖುರ್ಮಾ. ಕವಿಗಳಿಗಿಂತ ನಾನೇನು ಕಡಿಮೆ? ನನ್ನ ಮೈಸೂರಿನಲ್ಲೂ ಯಾರಿಗೂ ಹಲ್ಲು ನೋಯುತ್ತಿರಲಿಲ್ಲ. ಕಾಲೇಜು ಮುಗಿಸಿದ ಅವಳು ಒಂದು ವರ್ಷ ಅಲ್ಲಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆಂದು ಹೊರಟಾಗ ನನಗೆ ಭಯವಾಯಿತು. ನನ್ನ ಕಥೆಯ ಆ ಊರು ಅವಳಿಗೆ ಸಿಗದಿದ್ದರೆ? ಮುನಿಸಿಕೊಂಡು ಬಂದರೆ, ಮುಂದೆಂದೂ ನನ್ನೂರು ಅವಳಿಗೆ... ಏರ್‌ಪೋರ್ಟಿನಲ್ಲಿ ತಬ್ಬಿಕೊಂಡು ನಿಮ್ಮ ಪ್ರಶ್ನೆ, ನಿಮ್ಮ ಕಥೆ ಎರಡನ್ನೂ ಹೇಳಿದೆ. "ಓಕೆ ಅಮ್ಮಿ, ಐ ಗೆಟ್ ಇಟ್" ಎಂದು ಹೊರಟುಹೋದಳು.

ಮೊನ್ನೆ ಬೆಳಿಗ್ಗೆ ಸ್ನೊಕ್ವಾಲ್ಮಿ ಜಲಪಾತದ ಕಡೆ ಡ್ರೈವ್ ಮಾಡುತ್ತಿದ್ದಾಗ ಅವಳ ಕಾಲ್ ಬಂತು. ಕರೆಂಟ್ ಹೋಗಿದೆ, ಆಟೋದವನು ರೇಗಿದ, ಕ್ಲಾಸಿನ ಮಕ್ಕಳು ಅವಳ ಕನ್ನಡ ಕೇಳಿ ನಗುತ್ತಾರೆ. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕಾರು ಪಕ್ಕಕ್ಕೆ ನಿಲ್ಲಿಸಿ, "ವಾಪಸ್ ಬಂದ್ಬಿಡು ಬೇಟಾ, ಟಿಕೆಟ್ ಬುಕ್ ಮಾಡ್ತೀನಿ" ಎಂದೆ. ಆ ಕಡೆ ಮೂಗು ಒರೆಸಿಕೊಂಡಳು. ಆಮೇಲೆ, ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಕನ್ನಡದಲ್ಲಿ ಹೇಳಿದಳು:

"ಬೇಡ ಅಮ್ಮಿ. ನಂಗೆ ಹಲ್ಲು ನೋಯ್ತಾ ಇದೆ. ತಮಾಷೆ ಅಲ್ಲ, ನಿಜವಾಗ್ಲೂ. ನಾಳೆ ಡೆಂಟಿಸ್ಟ್ ಹತ್ರ ಹೋಗಿ, ಹಂಗೇ ಸ್ಕೂಲಿಗೆ ಹೋಗ್ತೀನಿ."

ಉಳಿದುಕೊಂಡಳು, ಮೇಷ್ಟ್ರೇ.

ನಿಮ್ಮ ವಿದ್ಯಾರ್ಥಿನಿ,
ನೂರ್