ಬಲಸುತ್ತು, ಎಡಸುತ್ತು

ಬುಧವಾರ, ಬೆಳಗ್ಗೆ ಏಳು ಗಂಟೆ

ಏಣಿರಾಯರಿಗೆ, ಕೆಳಗಿನಿಂದ ನಮಸ್ಕಾರ.

ನಾನು ಅಕ್ಕನ ಮನೆಗೆ ಬಂದು ಎಂಟು ತಿಂಗಳಾಯಿತು. ಗಂಡನಾದ ನಿಮ್ಮನ್ನು ಯಾಕೆ ಬಿಟ್ಟು ಬಂದೆ ಎಂದು ಕೇಳಿದವರಿಗೆಲ್ಲ ಒಂದು ಬಳ್ಳಿಯಿಂದಾಗಿ ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಗಿದೆ. ಕುಡುಕನನ್ನು ಬಿಟ್ಟು ಬಂದವರನ್ನು ಕಂಡಿದ್ದೇನೆ, ಬಳ್ಳಿ ಸುತ್ತುವ ದಿಕ್ಕಿಗಾಗಿ ಸಂಸಾರ ಬಿಟ್ಟವಳು ನೀನೊಬ್ಬಳೇ ಎಂದು ಅಕ್ಕ ದಿನಕ್ಕೊಮ್ಮೆ ಹಂಗಿಸುತ್ತಾಳೆ.

ಆಗ್ನೇಯ ಏಷ್ಯಾದ ಮಳೆಕಾಡಿನಿಂದ ಬಂದು, ನೀವು ಕೆಲಸ ಮಾಡುವ ಸಸ್ಯೋದ್ಯಾನದ ಗಾಜಿನ ಮನೆಯ ಚಾವಣಿ ಮುಟ್ಟಿದ ಆ ಹೆಬ್ಬಳ್ಳಿಯನ್ನು ಸಸ್ಯಗಳ ಪುಸ್ತಕವೊಂದಕ್ಕಾಗಿ ಬಿಡಿಸಲು ಹನ್ನೊಂದು ದಿನ ಅದರ ಬುಡದಲ್ಲಿ ಕೂತಿದ್ದೆ. ತೊಡೆ ಗಾತ್ರದ ಕಾಂಡ ಕಂಬವನ್ನು ಬಲಕ್ಕೇ ಸುತ್ತಿತ್ತು. ಅಚ್ಚಾಗಿ ಬಂದಾಗ ನೋಡಿದರೆ, ನನ್ನ ಚಿತ್ರದ ಕೆಳಗೆ ತೋಟಗಾರರಾದ ನೀವು ಬರೆದುಕೊಟ್ಟ ವಿವರಣೆ: ಎಡಕ್ಕೆ ಸುತ್ತುವ ಬಳ್ಳಿ. ಎಲ್ಲರೂ ಚಿತ್ರವೇ ತಪ್ಪೆಂದರು. ಅವಳು ಅವಸರದಲ್ಲಿ ಬಿಡಿಸಿರಬೇಕು ಎಂದು ಸಂಪಾದಕರ ಮುಂದೆ ನೀವೂ ಹೇಳಿಬಿಟ್ಟಿರಿ. ಹನ್ನೊಂದು ದಿನ, ರೀ. ಆ ಮಾತು ಇವತ್ತಿಗೂ ನೋಯುತ್ತದೆ.

ಈಗ ಪುಸ್ತಕ ಮರುಮುದ್ರಣವಾಗುತ್ತಿದೆ. ಚಿತ್ರ ತಿದ್ದಿಕೊಡಿ ಎಂದು ಸಂಪಾದಕರು ಬರೆದಿದ್ದಾರೆ. ಜಪ್ಪಯ್ಯ ಎಂದರೂ ತಿದ್ದುವುದಿಲ್ಲ ಎಂದು ಕೂತಿದ್ದೆ. ಮೊನ್ನೆ ಅಕ್ಕನ ಮನೆಯ ಗೋಡೆಗೆ ಬಣ್ಣ ಬಳಿಯಲು ಏಣಿ ಹತ್ತಿದೆ. ಕೆಳಗೆ ಕೋಲಿಗೆ ಹಬ್ಬಿದ ಬೀನ್ಸ್ ಬಳ್ಳಿ ಕಂಡಿತು. ನೆಲದಲ್ಲಿ ನಿಂತು ಕತ್ತೆತ್ತಿ ನೋಡಿದಾಗ ಅದು ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತಿ ಏರಿತ್ತು. ಏಣಿಯ ಮೇಲಿನಿಂದ ಬಗ್ಗಿ ನೋಡಿದರೆ ಅದೇ ಬಳ್ಳಿ ಎಡಕ್ಕೆ ಸುತ್ತುತ್ತಿದೆ. ಮೂರು ಸಲ ಹತ್ತಿ ಇಳಿದೆ. ತಲೆಗಿಲೆ ಕೆಟ್ಟಿತಾ ಎಂದು ಅಕ್ಕ ಕೇಳಿದಳು.

ಇಪ್ಪತ್ತು ವರ್ಷಗಳಿಂದ ನೀವು ಏಣಿಯ ಮೇಲೆ ನಿಂತು ಆ ಬಳ್ಳಿಯನ್ನು ಕತ್ತರಿಯಿಂದ ಸವರುವವರು. ನಾನು ಕೆಳಗೆ ಕೂತು ಬಿಡಿಸುವವಳು. ಇಬ್ಬರೂ ಕಂಡದ್ದನ್ನೇ ಹೇಳಿದೆವು. ಎಲ್ಲಿ ನಿಂತು ನೋಡಿದೆ ಎಂದು ಮಾತ್ರ ಒಬ್ಬರನ್ನೊಬ್ಬರು ಕೇಳಲಿಲ್ಲ. ನಾನಾದರೂ ಕೇಳಬಹುದಿತ್ತು.

ಚಿತ್ರವೂ ಇರಲಿ, ವಿವರಣೆಯೂ ಇರಲಿ, ‘ಮೇಲಿನಿಂದ ನೋಡಿದಾಗ’ ಎಂದಷ್ಟೇ ಸೇರಿಸಿ ಎಂದು ಸಂಪಾದಕರಿಗೆ ಬರೆದಿದ್ದೇನೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕಂತೆ. ಈ ಪತ್ರ ಅದಕ್ಕಾಗಿ ಮಾತ್ರ.

ಇಂತಿ,
ನೀವು ಇಟ್ಟ ಹೆಸರಿನ
ಪೆನ್ಸಿಲಮ್ಮ

ಮರೆತ ಮಾತು: ಅದಕ್ಕಾಗಿ ಮಾತ್ರ ಎಂದದ್ದು ಸುಳ್ಳು. ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀರಿ. ಕಾವಲುಗಾರನನ್ನು ಕಾಡಿ ಬೇಡಿ ಒಳಗೆ ಬಂದು, ನಿಮ್ಮ ಏಣಿಯ ತುದಿ ಮೆಟ್ಟಿಲಿಗೆ ಇದನ್ನು ನಾನೇ ಕಟ್ಟಿದೆ. ಈಗ ನಿಂತಲ್ಲಿಂದಲೇ ಕೆಳಗೆ ನೋಡಿ. ಬಳ್ಳಿಯ ಬುಡದಲ್ಲಿ, ಬಟ್ಟೆಯ ಪೆಟ್ಟಿಗೆ ಸಮೇತ ಕೂತಿದ್ದೇನೆ.